ಜೋಪಾ ಅವರಿಗೆ ಬಹುವಚನ

1999ರ ಆಗಸ್ಟ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸ್ಟೇಟ್ ಕಾಲೇಜ್ ಎಂಬ ಊರಿಗೆ ಓದಲು ಹೋದೆ. ವಾರಕ್ಕೊಮ್ಮೆ ಸಾಗರದ ಮನೆಗೆ ಫೋನು. ಕಾಲಿಂಗ್ ಕಾರ್ಡಿನಲ್ಲಿ ನಿಮಿಷ ಎಣಿಸಿ ಮಾತಾಡುವ ಕಾಲ ಅದು. ಒಂದು ಭಾನುವಾರ ಅಮ್ಮ ನನ್ನ ಮಾತನ್ನು ನಡುವೆಯೇ ತಡೆದು ಕೇಳಿದಳು: “ಅದ್ಯಾರೋ ಅದು, ಜೋಪಾ ಜೋಪಾ ಅಂತಿರ್ತೀಯಲ್ಲ? ನಿಂಗೆ ಪಾಠ ಮಾಡೋ ಮೇಷ್ಟ್ರಾ?” ಅಲ್ಲಮ್ಮ, ಇಲ್ಲಿನ ಫುಟ್‌ಬಾಲ್ ಕೋಚ್ ಅಂದೆ. “ಮತ್ತೆ ‘ಅವರು ಹೇಳಿದ್ರು, ಅವರು ಬಂದ್ರು’ ಅಂತಿದ್ದೀಯ!”

ಅಮ್ಮ ಬೆರಗಾದದ್ದರಲ್ಲಿ ತಪ್ಪೇನಿರಲಿಲ್ಲ. ನಮ್ಮ ಮನೆಯಲ್ಲಿ ಆಟದವರಿಗೆಲ್ಲ ಏಕವಚನ. ಕುಂಬ್ಳೆ ವಿಕೆಟ್ ತೆಗೆದ, ದ್ರಾವಿಡ್ ನಿಂತು ಆಡಿದ. ಅದು ಮನೆಮಗನ ಸಲಿಗೆ. ಬಹುವಚನ ಏನಿದ್ದರೂ ಮೇಷ್ಟ್ರಿಗೆ, ಡಾಕ್ಟರಿಗೆ, ಊರಿನ ಹಿರಿಯರಿಗೆ. ಒಮ್ಮೆಯೂ ಮಾತಾಡಿಸಿರದ, ದೂರದ ದೇಶದ ಒಬ್ಬ ಮುದುಕ ನನ್ನ ಬಾಯಲ್ಲಿ ಅವರ ಸಾಲಿಗೆ ಹೋಗಿ ಕೂತದ್ದು ಯಾವಾಗ ಎಂದು ನನಗೇ ಗೊತ್ತಿರಲಿಲ್ಲ.

ಆ ಊರಿನಲ್ಲಿ ಇದ್ದವರಿಗೆ ಅದು ಅರ್ಥವಾಗುತ್ತದೆ. ಬೆಟ್ಟಸಾಲುಗಳ ನಡುವೆ ಒಂದು ಕಣಿವೆ. ಅದರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯ, ವಿಶ್ವವಿದ್ಯಾಲಯಕ್ಕೆ ಅಂಟಿಕೊಂಡ ಹಾಗೆ ನಲವತ್ತು ಸಾವಿರ ಚಿಲ್ಲರೆ ಜನರ ಊರು. ಊರಿನ ಅಂಚಿನಲ್ಲಿ ಬೀವರ್ ಸ್ಟೇಡಿಯಂ. ನಾನು ಹೋದ ವರ್ಷ ಅದರಲ್ಲಿ 93 ಸಾವಿರಕ್ಕೂ ಹೆಚ್ಚು ಆಸನಗಳಿದ್ದವು. 2001ರಲ್ಲಿ ಒಂದು ಲಕ್ಷ ದಾಟಿಸಿದರು. ಆಗ ಆಡುತ್ತಿದ್ದವರು ಸಂಬಳವಿಲ್ಲದ ಕಾಲೇಜು ಹುಡುಗರು. ಅವರನ್ನು ನೋಡಲು ಶನಿವಾರ ಬೆಳಗಾದರೆ ರಾಜ್ಯದ ಮೂಲೆಮೂಲೆಯಿಂದ ಕಾರುಗಳು ಸಾಲುಗಟ್ಟಿ ಬರುತ್ತಿದ್ದವು, ನಮ್ಮಲ್ಲಿ ಮಾರಿಜಾತ್ರೆಗೆ ಬರುವ ಹಾಗೆ. ಹುಲ್ಲಿನ ಮೇಲೆ ಒಲೆ ಹೂಡಿ, ಮಾಂಸ ಸುಟ್ಟು, ಗುರುತಿಲ್ಲದವರಿಗೂ ಕರೆದು ಬಡಿಸುತ್ತಿದ್ದರು. ನಾನು ಸಸ್ಯಾಹಾರಿ ಎಂದರೆ ಪಾಪ, ಎಲ್ಲಿಂದಲೋ ಜೋಳದ ತೆನೆ ಹುಡುಕಿ ತಂದು ಸುಟ್ಟುಕೊಡುತ್ತಿದ್ದರು.

ಆಟ ಕಲಿಸಿದ್ದು ನನ್ನ ಮನೆ ಮಾಲೀಕರು. ವಿಶ್ವವಿದ್ಯಾಲಯದಲ್ಲಿ ಬಡಗಿ ಕೆಲಸ ಮಾಡಿ ನಿವೃತ್ತರಾದವರು. ಅವರ ಹೆಂಡತಿ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವರು. ಮಹಡಿಯ ಮೇಲಿನ ಒಂದು ಕೋಣೆ ನನಗೆ ಬಾಡಿಗೆಗೆ. ಮನಸ್ಸಿನಲ್ಲೇ ಅವರನ್ನು ಅಜ್ಜ, ಅಜ್ಜಿ ಎಂದು ಕರೆದುಕೊಂಡೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಅಜ್ಜ ಊಟದ ಮೇಜಿನ ಮೇಲೆ ರಾಜ್ಮಾ ಕಾಳು ಹರಡಿ, ಈ ಕಡೆ ಹನ್ನೊಂದು, ಆ ಕಡೆ ಹನ್ನೊಂದು ಜೋಡಿಸಿ, ಉಪ್ಪಿನ ಡಬ್ಬಿಯನ್ನು ಹತ್ತು ಗಜ ಮುಂದೆ ಸಾಗಿಸಲು ನಾಲ್ಕು ಅವಕಾಶ ಎಂಬಲ್ಲಿಂದ ಪಾಠ ಶುರು ಮಾಡಿದರು. ಹೆಸರಿಗೆ ಫುಟ್‌ಬಾಲ್, ಚೆಂಡು ಕಾಲಿಗೆ ತಾಗುವುದು ಅಪರೂಪ. ಕೈಯಲ್ಲಿ ಅವುಚಿಕೊಂಡು ನುಗ್ಗುವ ಆಟ. ಕಬಡ್ಡಿ ನೋಡಿ ಬೆಳೆದ ನನಗೆ ಅದು ಬೇಗ ಹಿಡಿಸಿತು.

ಅಜ್ಜನ ಬಳಿ ಕಂದು ರಟ್ಟಿನ ಒಂದು ನೋಟ್‌ಬುಕ್ ಇತ್ತು. ಆಟಕ್ಕೊಂದು ಸಾಲು: ತಾರೀಖು, ಎದುರಾಳಿ, ಅಂಕ, ಹವೆ. ಸಾಲಿನ ಕೊನೆಗೆ ಜೋಪಾ ಗೆದ್ದ ಆಟಗಳ ಒಟ್ಟು ಲೆಕ್ಕ. ಬಡಗಿಯ ಪೆನ್ಸಿಲಿನ ದಪ್ಪ ಅಕ್ಷರ. 1966ರ ಮೊದಲ ಆಟದಿಂದ ಒಂದು ಸಾಲೂ ತಪ್ಪಿರಲಿಲ್ಲ.

ಜೋಪಾ ಎಂದರೆ ಜೋಸೆಫ್ ಪಟರ್ನೊ. 1926ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಇಟಲಿ ಮೂಲದ ಮನೆತನದಲ್ಲಿ ಹುಟ್ಟಿದವರು. ಶಾಲೆಯಲ್ಲಿ ಒಬ್ಬ ಪಾದ್ರಿ ಮೇಷ್ಟ್ರು ಅವರಿಗೆ ವರ್ಜಿಲ್ ಕವಿಯ ‘ಈನಿಯಡ್’ ಮಹಾಕಾವ್ಯವನ್ನು ಲ್ಯಾಟಿನ್ನಿನಲ್ಲೇ ಓದಿಸಿದರು. ತನ್ನ ಸುಖ ಬದಿಗಿಟ್ಟು ತನ್ನ ಜನರ ಹೊಣೆ ಹೊತ್ತ ಆ ನಾಯಕ ಬದುಕಿಡೀ ತನ್ನ ಜೊತೆ ಬಂದ ಎಂದು ಪಟರ್ನೊ ಹೇಳಿಕೊಳ್ಳುತ್ತಿದ್ದರು. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದರು. ಮಗ ಲಾಯರ್ ಆಗಲಿ ಎಂದು ತಂದೆಗೆ ಆಸೆ. ಆದರೆ 1950ರಲ್ಲಿ ತಮ್ಮ ಕೋಚ್ ಜೊತೆ ಸಹಾಯಕರಾಗಿ ಪೆನ್ ಸ್ಟೇಟ್‌ಗೆ ಬಂದವರು ಅಲ್ಲೇ ಉಳಿದರು. 1966ರಲ್ಲಿ ಮುಖ್ಯ ಕೋಚ್ ಆದರು; 46 ಸೀಸನ್ ಆ ಹುದ್ದೆಯಲ್ಲಿದ್ದರು. 1982 ಮತ್ತು 1986ರಲ್ಲಿ ತಂಡ ರಾಷ್ಟ್ರೀಯ ಚಾಂಪಿಯನ್. ವೃತ್ತಿ ಫುಟ್‌ಬಾಲಿನ ದೊಡ್ಡ ಹಣದ ಕರೆ ಬಂದಾಗ ಬೇಡವೆಂದರು.

ದಪ್ಪ ಕನ್ನಡಕ, ಮೇಲಕ್ಕೆ ಮಡಚಿದ ಪ್ಯಾಂಟು, ಬಿಳಿ ಕಾಲುಚೀಲ, ಕಪ್ಪು ಬೂಟು. ಹುಡುಗರ ಅಂಗಿಯ ಬೆನ್ನಿಗೆ ಹೆಸರಿಲ್ಲ, ಬರೀ ನಂಬರು. ಯಾರೂ ತಂಡಕ್ಕಿಂತ ದೊಡ್ಡವರಲ್ಲ ಎಂಬ ಅರ್ಥ. ತರಗತಿಗೆ ಹೋಗದ ಹುಡುಗ ಮೈದಾನಕ್ಕೂ ಇಳಿಯುವಂತಿಲ್ಲ. ಮೆಕೀ ಸ್ಟ್ರೀಟಿನ ಸಾಧಾರಣ ಮನೆ, ನಂಬರು ಫೋನ್ ಡೈರೆಕ್ಟರಿಯಲ್ಲೇ. ಅಲ್ಲಿಂದ ಕೆಲಸಕ್ಕೆ ನಡೆದೇ ಹೋಗುತ್ತಿದ್ದರು. ಅವರೂ ಅವರ ಹೆಂಡತಿ ಸೂ ಪಟರ್ನೊ ಅವರೂ ವಿಶ್ವವಿದ್ಯಾಲಯಕ್ಕೆ ಕೊಟ್ಟದ್ದು 40 ಲಕ್ಷ ಡಾಲರ್‌ಗೂ ಹೆಚ್ಚು. ಅದರಲ್ಲಿ ಬಹುಪಾಲು ಹೋದದ್ದು ಗ್ರಂಥಾಲಯದಂಥ ಓದಿನ ಕೆಲಸಗಳಿಗೆ. ಗ್ರಂಥಾಲಯದ ಹೊಸ ಭಾಗಕ್ಕೆ ಪಟರ್ನೊ ಹೆಸರು. ಪರೀಕ್ಷೆಗೆ ಮುಂಚೆ ಅಲ್ಲಿ ಎಷ್ಟು ರಾತ್ರಿ ಕಳೆದಿದ್ದೇನೋ! ಆಟದ ಮೇಷ್ಟ್ರು ಕಟ್ಟಿಸಿದ ಗ್ರಂಥಾಲಯದಲ್ಲಿ ಕೂತು ಓದಿದವನಿಗೆ ಬಹುವಚನ ತಾನಾಗಿಯೇ ಬರುತ್ತದೆ.

ನಾನು ಹೋದ ಆ ಸೀಸನ್ ತಂಡ ಸತತ ಒಂಬತ್ತು ಆಟ ಗೆದ್ದು ದೇಶಕ್ಕೇ ಎರಡನೆಯದಾಗಿತ್ತು. ನವೆಂಬರ್ 6ರಂದು ಮಿನೆಸೋಟ ವಿರುದ್ಧ ಕೊನೆಯ ಕ್ಷಣದ ಒಂದು ಒದೆತಕ್ಕೆ 24–23ರಲ್ಲಿ ಸೋತಿತು. ಲಕ್ಷದಷ್ಟು ಜನ ಒಟ್ಟಿಗೆ ಮಾತು ನಿಲ್ಲಿಸಿದರೆ ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು. ಅದೇ ಸೀಸನ್ನಿನ ಕೊನೆಗೆ ಒಬ್ಬ ಸಹಾಯಕ ಕೋಚ್ ನಿವೃತ್ತನಾದ. ರಕ್ಷಣಾ ತಂಡವನ್ನು ವರ್ಷಗಟ್ಟಲೆ ಕಟ್ಟಿದವನು, 1977ರಲ್ಲಿ ‘ಸೆಕೆಂಡ್ ಮೈಲ್’ ಎಂಬ ಸಂಸ್ಥೆ ಹುಟ್ಟುಹಾಕಿ ಬಡ, ದಿಕ್ಕಿಲ್ಲದ ಮಕ್ಕಳಿಗೆ ಆಸರೆಯಾದವನು ಎಂದು ಊರೇ ಹೊಗಳುತ್ತಿತ್ತು. ಅವನ ಹೆಸರು ಕೇಳಿದಾಗೆಲ್ಲ ನಾನೂ ಚಪ್ಪಾಳೆ ತಟ್ಟಿದ್ದೇನೆ. ಜೆರ್ರಿ ಸ್ಯಾಂಡಸ್ಕಿ. ಆ ಚಪ್ಪಾಳೆ ಈಗಲೂ ನನ್ನ ಅಂಗೈಯಲ್ಲಿ ಉರಿಯುತ್ತದೆ.

ಆಮೇಲಿನ ವರ್ಷಗಳು ಸೋಲಿನವು. ಮುದುಕರು ಬಿಟ್ಟುಕೊಡಲಿ ಎಂಬ ಗೊಣಗು ಎದ್ದಿತು. 2004ರ ಕೊನೆಗೆ ವಿಶ್ವವಿದ್ಯಾಲಯದ ದೊಡ್ಡವರೇ ಮನೆಗೆ ಹೋಗಿ ನಿವೃತ್ತಿಯ ಮಾತೆತ್ತಿದರು. ಅವರು ಒಪ್ಪಲಿಲ್ಲ. ಮರುವರ್ಷ ಹನ್ನೆರಡು ಆಟದಲ್ಲಿ ಹನ್ನೊಂದನ್ನು ಗೆದ್ದು ತೋರಿಸಿದರು. ನಾನು ಆಗ ನ್ಯೂಜೆರ್ಸಿಯಲ್ಲಿ ಕೆಲಸಕ್ಕಿದ್ದೆ. ನಾಲ್ಕು ಗಂಟೆ ಕಾರು ಓಡಿಸಿಕೊಂಡು ಹೋಗಿ, ಅಜ್ಜನ ಪಕ್ಕ ಕೂತು, ಗಂಟಲು ಹರಿಯುವ ಹಾಗೆ ಕೂಗಿ, ರಾತ್ರಿ ಅಜ್ಜಿ ಮಾಡಿದ ಸೂಪು ಕುಡಿದು ಮಲಗಿದ ಶನಿವಾರಗಳು ನನ್ನ ಪರದೇಶದ ಬದುಕಿನ ಒಳ್ಳೆಯ ದಿನಗಳು. ಅವತ್ತು ಜೋಪಾ ಮನೆಗೆ ಬಂದವರ ಮಾತು ಕೇಳಿ ಹೊರಟುಬಿಟ್ಟಿದ್ದರೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಹೋಗಿದ್ದರೂ 2001 ಆಗಿಹೋಗಿತ್ತು.

2001ರ ಫೆಬ್ರವರಿಯ ಒಂದು ಶುಕ್ರವಾರ ರಾತ್ರಿ ತಂಡದ ಕಟ್ಟಡದ ಸ್ನಾನದ ಕೋಣೆಯಲ್ಲಿ, ನಿವೃತ್ತನಾಗಿದ್ದ ಸ್ಯಾಂಡಸ್ಕಿ ಒಬ್ಬ ಹುಡುಗನ ಜೊತೆ ಇದ್ದದ್ದನ್ನು ಒಬ್ಬ ಕಿರಿಯ ಸಹಾಯಕ ಕಂಡ. ಮಾರನೆ ಬೆಳಿಗ್ಗೆ ಪಟರ್ನೊ ಅವರ ಮನೆಗೆ ಹೋಗಿ ಹೇಳಿದ. ಪಟರ್ನೊ ಅದನ್ನು ತಮ್ಮ ಮೇಲಧಿಕಾರಿಗಳಿಗೆ ಮುಟ್ಟಿಸಿದರು. ತಕ್ಷಣ ಮುಟ್ಟಿಸಲಿಲ್ಲ, ಅವರ ವಾರಾಂತ್ಯಕ್ಕೆ ತೊಂದರೆ ಕೊಡಬಾರದೆಂದಿತ್ತು ಎಂದು ಹತ್ತು ವರ್ಷದ ಮೇಲೆ ಗ್ರ್ಯಾಂಡ್ ಜ್ಯೂರಿಯ ಮುಂದೆ ಅವರೇ ಹೇಳಿದರು. ಪೊಲೀಸರಿಗೆ ಯಾರೂ ತಿಳಿಸಲಿಲ್ಲ. ಕ್ಯಾಂಪಸ್ಸಿನ ಬಾಗಿಲು ಸ್ಯಾಂಡಸ್ಕಿಗೆ ತೆರೆದೇ ಇತ್ತು. ಅದೇ ವರ್ಷ ನವೆಂಬರ್‌ನಲ್ಲಿ ಸ್ಟೇಡಿಯಂ ಪಕ್ಕ ಪಟರ್ನೊ ಅವರ ಕಂಚಿನ ಪ್ರತಿಮೆ ನಿಂತಿತು: ತೋರುಬೆರಳು ಎತ್ತಿ ಓಡಿಬರುವ ಕೋಚ್, ಹಿಂದೆ ಕಲ್ಲಿನ ಗೋಡೆಯಲ್ಲಿ ಉಬ್ಬಿದ ಆಟಗಾರರು. ಆ ಫೆಬ್ರವರಿಯಲ್ಲೂ ನಾನು ಊರಲ್ಲಿದ್ದೆ, ಆ ನವೆಂಬರ್‌ನಲ್ಲೂ. ಅಜ್ಜ ನನ್ನನ್ನು ಪ್ರತಿಮೆಯ ಪಕ್ಕ ನಿಲ್ಲಿಸಿ ತೆಗೆದ ಫೋಟೊ ಸಾಗರದ ಮನೆಯ ಷೋಕೇಸಿನಲ್ಲಿ ಬಹಳ ಕಾಲ ಇತ್ತು. “ಇವರೇ ನಮ್ಮ ಹುಡುಗನ ಜೋಪಾ” ಎಂದು ಅಮ್ಮ ಬಂದವರಿಗೆಲ್ಲ ತೋರಿಸುತ್ತಿದ್ದಳು. ಅವಳೂ ಬಹುವಚನಕ್ಕೆ ಬಂದಿದ್ದಳು.

2011ರ ಅಕ್ಟೋಬರ್ 29. ಇಲಿನಾಯ್ ವಿರುದ್ಧದ ಆಟ. ಕಾಲವಲ್ಲದ ಕಾಲದಲ್ಲಿ ಹಿಮ ಬಿದ್ದಿತ್ತು. ಕೊನೆಯ ಕ್ಷಣದಲ್ಲಿ ಎದುರಾಳಿಯ ಒದೆತ ಕಂಬಕ್ಕೆ ಬಡಿದು ಹೊರಬಿದ್ದು 10–7ರಲ್ಲಿ ಗೆಲುವು. ಜೋಪಾ ಅವರ 409ನೆಯದು. ಕೋಚ್ ಎಡ್ಡಿ ರಾಬಿನ್ಸನ್ ಅವರ 408ರ ದಾಖಲೆ ಮುರಿಯಿತು. ವಿಶ್ವವಿದ್ಯಾಲಯದ ಅಧ್ಯಕ್ಷರೂ ಕ್ರೀಡಾ ನಿರ್ದೇಶಕರೂ ಸೇರಿ ಫಲಕ ಕೊಟ್ಟು ಗೌರವಿಸಿದರು. ಒಂದು ವಾರ ಕಳೆಯಿತು. ನವೆಂಬರ್ 5ರಂದು, ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ಆರೋಪದಲ್ಲಿ ಸ್ಯಾಂಡಸ್ಕಿಯ ಬಂಧನ. ನಾಲ್ಕು ದಿನಕ್ಕೆ ಫಲಕ ಕೊಟ್ಟವರೂ ಪಡೆದವರೂ ಹುದ್ದೆಯಲ್ಲಿರಲಿಲ್ಲ. ಪಟರ್ನೊ ಅವರಿಗೆ ರಾತ್ರಿ ಒಂದು ಚೀಟಿ ಬಂತು; ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದಾಗ ಕೆಲಸದಿಂದ ತೆಗೆದಿದ್ದೇವೆ ಎಂದರು. 61 ವರ್ಷದ ಸೇವೆ ಒಂದು ಫೋನ್ ಕರೆಯಲ್ಲಿ ಮುಗಿಯಿತು. ಸಾವಿರಾರು ವಿದ್ಯಾರ್ಥಿಗಳು ಬೀದಿಗಿಳಿದು ಟಿವಿ ಚಾನೆಲ್ಲಿನ ವ್ಯಾನ್ ಮಗುಚಿದರು. ಅದನ್ನು ಟಿವಿಯಲ್ಲಿ ನೋಡುತ್ತಾ ನನಗೆ ಮೊದಲು ಸಿಟ್ಟು ಬಂದದ್ದು ಕೆಲಸದಿಂದ ತೆಗೆದವರ ಮೇಲೆ. ನೊಂದ ಹುಡುಗರ ನೆನಪು ಬಂದದ್ದು ಆಮೇಲೆ. ಆ ಹಿಂದುಮುಂದನ್ನು ನಾನು ಮರೆತಿಲ್ಲ.

ಎರಡು ರಾತ್ರಿ ಕಳೆದ ಮೇಲೆ ಅದೇ ವಿದ್ಯಾರ್ಥಿಗಳು ಆಡಳಿತ ಕಟ್ಟಡದ ಮುಂದಿನ ಹುಲ್ಲಿನ ಮೇಲೆ, ನೊಂದ ಮಕ್ಕಳಿಗಾಗಿ ಮೇಣದಬತ್ತಿ ಹಿಡಿದು ನಿಂತರು. ಅದನ್ನೂ ಹೇಳಬೇಕು.

ಕಾನೂನು ಪಟರ್ನೊ ಅವರ ಮೇಲೆ ಆರೋಪ ಹೊರಿಸಲಿಲ್ಲ. ಕಾನೂನಿನ ಕೆಲಸ ಮಾಡಿರಬಹುದು, ಮನುಷ್ಯನಾಗಿ ಮಾಡಬೇಕಾದದ್ದು ಬೇರೆ ಇತ್ತು ಎಂಬ ಅರ್ಥದಲ್ಲಿ ರಾಜ್ಯ ಪೊಲೀಸ್ ಮುಖ್ಯಸ್ಥರು ಮಾತಾಡಿದರು. ಇನ್ನೂ ಹೆಚ್ಚು ಮಾಡಬೇಕಿತ್ತು ಎಂದು ಈಗ ಅನಿಸುತ್ತದೆ ಎಂದು ಪಟರ್ನೊ ಅವರೇ ಹೇಳಿಕೆ ಕೊಟ್ಟರು. 2012ರ ಜನವರಿ 22ಕ್ಕೆ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಜೂನ್‌ನಲ್ಲಿ ಸ್ಯಾಂಡಸ್ಕಿಯ ಮೇಲಿನ 45 ಆರೋಪ ಸಾಬೀತಾದವು. ಕನಿಷ್ಠ 30 ವರ್ಷ ಜೈಲು. ಜುಲೈನಲ್ಲಿ ವಿಶ್ವವಿದ್ಯಾಲಯದ ಪರವಾಗಿ ತನಿಖೆ ನಡೆಸಿದ ಲೂಯಿಸ್ ಫ್ರೀ ಅವರ ವರದಿ, ಪಟರ್ನೊ ಅವರೂ ಸೇರಿದಂತೆ ದೊಡ್ಡವರೆಲ್ಲ ಸಂಗತಿಯನ್ನು ಮುಚ್ಚಿಟ್ಟರು ಎಂದಿತು. ಅದು ಸುಳ್ಳು ಎಂದು ಕುಟುಂಬ ತನ್ನದೇ ವರದಿ ತಂದಿತು. ವಾದ ಇಂದಿಗೂ ಮುಗಿದಿಲ್ಲ.

ವಾದ ಅಜ್ಜ ಅಜ್ಜಿಯ ಮನೆಯಲ್ಲೂ ಮುಗಿಯಲಿಲ್ಲ. ಥ್ಯಾಂಕ್ಸ್‌ಗಿವಿಂಗ್‌ಗೆ ಹೋಗಿದ್ದೆ. ಅಜ್ಜ, “ಅವರು ತಮ್ಮ ಮೇಲಿನವರಿಗೆ ಹೇಳಿದರಲ್ಲ, ಇನ್ನೇನು ಮಾಡಬೇಕಿತ್ತು?” ಎಂದರು. ಅಜ್ಜಿ ಪಾತ್ರೆ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು. “ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದ್ದೇನೆ. ಒಂದು ಮಗುವಿನ ವಿಷಯ ನನ್ನ ಕಿವಿಗೆ ಬಿದ್ದಿದ್ದರೆ ನಾನು ಸೋಮವಾರದವರೆಗೆ ಕಾಯುತ್ತಿದ್ದೆನೇ?” ಅಷ್ಟೇ ಅಂದದ್ದು. ಆಮೇಲೆ ಅವರು ಸ್ಟೇಡಿಯಂಗೆ ಕಾಲಿಡಲಿಲ್ಲ. ಅಜ್ಜ ಒಬ್ಬರೇ ಹೋಗುತ್ತಿದ್ದರು, ಪಕ್ಕದ ಸೀಟಿನ ಮೇಲೆ ತಮ್ಮ ಕೋಟು ಇಟ್ಟುಕೊಂಡು.

ನಮ್ಮ ನಡುವೆಯೂ ಹಾಗೇ ಆಯಿತು. ನನ್ನ ಜೊತೆ ಓದಿದ ಶಿರಸಿಯ ಗೆಳೆಯನೊಬ್ಬ ಫೋನಿನಲ್ಲಿ, “ಆ ಮುದುಕ ಗೊತ್ತಿದ್ದೂ ಸುಮ್ನಿದ್ದ ಮಾರಾಯ” ಅಂದ. ಸುಮ್ಮನಿದ್ದ. ಏಕವಚನ. ಕ್ರಿಕೆಟಿಗರಿಗೆ ನಾವು ಆಡುವ ಸಲಿಗೆಯ ಏಕವಚನ ಅದಾಗಿರಲಿಲ್ಲ. ಊರಿನ ಕಟ್ಟೆಯ ಮೇಲೆ ಒಬ್ಬನನ್ನು ಮನುಷ್ಯರ ಲೆಕ್ಕದಿಂದ ತೆಗೆಯುವಾಗ ಬರುವ ಏಕವಚನ. ನಾನು ಎದುರಾಡಲಿಲ್ಲ. ಫೋನ್ ಇಟ್ಟ ಮೇಲೆ, ಒಬ್ಬನೇ, ಹಾಗೆ ಅಂದು ನೋಡಿದೆ. ನಾಲಿಗೆ ಹೊರಳಲಿಲ್ಲ. ಇಂಗ್ಲಿಷಿನಲ್ಲಿ ಈ ಕಷ್ಟವೇ ಇಲ್ಲ. ಅಲ್ಲಿ ಜೋಪಾಗೂ ಸ್ಯಾಂಡಸ್ಕಿಗೂ ಒಂದೇ ಸರ್ವನಾಮ. ಕನ್ನಡದಲ್ಲಿ ಮಾತಾಡುವವನು ಪ್ರತಿ ಕ್ರಿಯಾಪದದ ಕೊನೆಗೂ ತೀರ್ಪು ಕೊಡಬೇಕು.

ಅಪ್ಪ ಇದ್ದಿದ್ದರೆ ಭೀಷ್ಮನ ಮಾತು ತೆಗೆಯುತ್ತಿದ್ದರು. ಮಳೆಗಾಲದ ರಾತ್ರಿ ನಮ್ಮ ಜಗಲಿಯಲ್ಲಿ ತಾಳಮದ್ದಳೆ ಆಗುವಾಗ ನಾನು ಕಂಬಕ್ಕೊರಗಿ ಕೇಳಿದ ಪ್ರಸಂಗಗಳಲ್ಲಿ ಮನಸ್ಸಿಗೆ ಅಂಟಿ ಕೂತದ್ದು ಅದೊಂದೇ. ಸಭೆಯಲ್ಲಿ ದ್ರೌಪದಿ ಕೇಳುತ್ತಾಳೆ. ಶಂತನುವಿನ ಮಗ, ಆಡಿದ ಮಾತಿಗಾಗಿ ಬದುಕನ್ನೇ ಬಿಟ್ಟುಕೊಟ್ಟವನು, ಧರ್ಮ ಸೂಕ್ಷ್ಮ ಎನ್ನುತ್ತಾನೆ. ಅರ್ಥಧಾರಿಗಳು ಎಷ್ಟು ಚಂದವಾಗಿ ಸಮರ್ಥಿಸಿದರೂ ಆ ಪ್ರಶ್ನೆ ಹಾಗೇ ನಿಂತಿರುತ್ತಿತ್ತು. ಆದರೂ ಭೀಷ್ಮಾಷ್ಟಮಿಗೆ ನಾವು ತರ್ಪಣ ಬಿಡುತ್ತೇವೆ. ಇದನ್ನು ಪಟರ್ನೊ ಅವರ ಪರ ಸಾಕ್ಷಿಯಾಗಿ ಹೇಳುತ್ತಿಲ್ಲ. ಸುಮ್ಮನಿದ್ದ ಹಿರಿಯರನ್ನು ಏನು ಮಾಡಬೇಕೆಂದು ನಮಗೂ ಸಾವಿರಾರು ವರ್ಷದಿಂದ ತಿಳಿದಿಲ್ಲ ಎಂದಷ್ಟೇ. ಮತ್ತೆ, ದ್ರೌಪದಿಗೆ ಕೇಳುವ ಬಾಯಿತ್ತು, ತುಂಬಿದ ಸಭೆಯಿತ್ತು. ಆ ಹುಡುಗರಿಗೆ ಎರಡೂ ಇರಲಿಲ್ಲ.

2012ರ ಜುಲೈ 22ರ ಭಾನುವಾರ ಬೆಳಿಗ್ಗೆ, ಬೇಲಿ ಕಟ್ಟಿ, ನೀಲಿ ಬಟ್ಟೆ ಮರೆಮಾಡಿ, ಪ್ರತಿಮೆಯನ್ನು ಕಿತ್ತು ಸಾಗಿಸಿದರು. ಮಾರನೇ ದಿನ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ವಿಶ್ವವಿದ್ಯಾಲಯಕ್ಕೆ 6 ಕೋಟಿ ಡಾಲರ್ ದಂಡ ಹಾಕಿ, 1998ರಿಂದೀಚಿನ ಗೆಲುವುಗಳನ್ನೆಲ್ಲ ಕಡತದಿಂದ ಹೊಡೆದುಹಾಕಿತು. ಅದರಲ್ಲಿ 111 ಪಟರ್ನೊ ಅವರವು. ನಾನು ಕಣ್ಣಾರೆ ಕಂಡ ಗೆಲುವುಗಳೆಲ್ಲ ಅದರೊಳಗಿದ್ದವು. 2015ರ ಜನವರಿಯಲ್ಲಿ ಒಂದು ಮೊಕದ್ದಮೆ ರಾಜಿಯಾಗಿ ಅವೆಲ್ಲ ವಾಪಸ್ ಬಂದವು. 409 ಮತ್ತೆ 409 ಆಯಿತು. ಪ್ರತಿಮೆ ಬರಲಿಲ್ಲ. ತಾನು ಬರೀ ಫುಟ್‌ಬಾಲ್ ಕೋಚ್ ಎನಿಸಿಕೊಳ್ಳದೆ ಈ ಜಾಗವನ್ನು ಇನ್ನಷ್ಟು ಒಳ್ಳೆಯದು ಮಾಡಿದವನು ಎನಿಸಿಕೊಳ್ಳಬೇಕು ಎಂಬರ್ಥದ ಅವರದೇ ಮಾತು ಅಲ್ಲಿನ ಗೋಡೆಯ ಮೇಲಿತ್ತು. ಗೋಡೆಯೂ ಹೋಯಿತು. ಅಲ್ಲೀಗ ಗಿಡಮರಗಳಿವೆ. ಶರತ್ಕಾಲದಲ್ಲಿ ಎಲೆ ಕೆಂಪಾಗುತ್ತವೆ. ಗೊತ್ತಿಲ್ಲದವರಿಗೆ ಅಲ್ಲೇನಾದರೂ ಇತ್ತು ಎಂದೇ ಅನಿಸುವುದಿಲ್ಲ.

ಮಿಕ್ಕದ್ದು ಸದ್ದಿಲ್ಲದೆ ಕರಗುತ್ತಿದೆ. ಮುಂದಿನ ಸೀಟು ಹಿಡಿಯಲು ವಿದ್ಯಾರ್ಥಿಗಳು ದಿನಗಟ್ಟಲೆ ಟೆಂಟು ಹಾಕಿ ಮಲಗುತ್ತಿದ್ದ ಜಾಗಕ್ಕೆ ‘ಪಟರ್ನೊವಿಲ್’ ಎಂದು ಹೆಸರಿತ್ತು. 2012ರಲ್ಲಿ ಅದು ‘ನಿಟ್ಟನಿವಿಲ್’ ಆಯಿತು. ಹೈಸ್ಟರ್ ಸ್ಟ್ರೀಟಿನ ಗೋಡೆಚಿತ್ರದಲ್ಲಿ ಅವರು ತೀರಿಕೊಂಡಾಗ ತಲೆಯ ಹಿಂದೆ ಪ್ರಭಾವಳಿ ಬರೆದಿದ್ದ ಕಲಾವಿದನೇ ಫ್ರೀ ವರದಿ ಬಂದ ಮೇಲೆ ಅದನ್ನು ಅಳಿಸಿದ. ಗ್ರಂಥಾಲಯದ ಹೆಸರು ಉಳಿದಿದೆ. ವಿಶ್ವವಿದ್ಯಾಲಯದ ಡೇರಿ ಅಂಗಡಿಯಲ್ಲಿ ‘ಪೀಚಿ ಪಟರ್ನೊ’ ಎಂಬ ಐಸ್‌ಕ್ರೀಮೂ ಉಳಿದಿದೆ: ತೆಳು ಹಳದಿ ಕೆನೆ, ನಡುವೆ ಬಾಯಿಗೆ ಸಿಗುವ ಪೀಚ್ ಹಣ್ಣಿನ ಹೋಳು. ಆ ಅಂಗಡಿಯಲ್ಲಿ ಹಳೆಯ ಒಂದು ನಿಯಮವಿದೆ, ಒಂದು ಕೋನ್‌ನಲ್ಲಿ ಎರಡು ರುಚಿ ಬೆರೆಸಿ ಕೊಡುವುದಿಲ್ಲ. ಕಳೆದ ಅಕ್ಟೋಬರ್‌ನಲ್ಲಿ ಸಾಲಿನಲ್ಲಿ ನನ್ನ ಮುಂದಿದ್ದ ಹುಡುಗಿ, ಹದಿನೆಂಟು ಇರಬಹುದು, ಬೋರ್ಡು ಓದಿ ಗೆಳತಿಯನ್ನು ಕೇಳಿದಳು, “ಪಟರ್ನೊ ಅಂದರೆ ಏನು, ಇಟಲಿಯ ಊರಾ?” ಗೆಳತಿಗೂ ಗೊತ್ತಿರಲಿಲ್ಲ. ನನಗೆ ಹೊಟ್ಟೆಯಲ್ಲಿ ಏನೋ ಕಲಕಿದ ಹಾಗಾಯಿತು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಗ್ರಂಥಾಲಯದಿಂದ ಶುರು ಮಾಡಲೇ, ಸ್ನಾನದ ಕೋಣೆಯಿಂದಲೇ? ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಸುಳ್ಳಾಗುತ್ತದೆ. ಎರಡನ್ನೂ ಹೇಳುವಷ್ಟು ಉದ್ದ ಆ ಸಾಲು ಇರಲಿಲ್ಲ. ಕೋನ್ ಹಿಡಿದು ಹೊರಗೆ ಬಂದೆ.

ನಾನು ಕಳೆದುಕೊಂಡದ್ದು ಇದು. ಒಳ್ಳೆಯ ನೆನಪನ್ನು ಅದೊಂದೇ ಎತ್ತಿ ಇನ್ನೊಬ್ಬರ ಕೈಗೆ ಕೊಡುವ ಸ್ವಾತಂತ್ರ್ಯ. ಆ ಹುಡುಗರು ಕಳೆದುಕೊಂಡದ್ದರ ಮುಂದೆ ಇದನ್ನು ನಷ್ಟ ಎಂದು ಕರೆಯಲೂ ನಾಚಿಕೆಯಾಗುತ್ತದೆ. ಆದರೂ ಇದೆ. ಪ್ರತಿ ಶರತ್ಕಾಲಕ್ಕೂ ಇರುತ್ತದೆ.

ಆ ಅಕ್ಟೋಬರಿನಲ್ಲಿ ಹೋದದ್ದು ಅಜ್ಜಿಯನ್ನು ನೋಡಲು. ಅಜ್ಜ ಹೋಗಿ ವರ್ಷವಾಗಿತ್ತು. ಅಜ್ಜಿ ಮನೆ ಮಾರಿ ಮಗಳ ಊರಿಗೆ ಹೊರಟಿದ್ದರು, ಅಡಿಗೆಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಹೊರಡುವಾಗ ಕಂದು ನೋಟ್‌ಬುಕ್ಕನ್ನು ನನ್ನ ಕೈಗಿಟ್ಟರು. “ನೀನೇ ಇಟ್ಟುಕೋ, ಮೊಮ್ಮಕ್ಕಳಿಗೆ ಇದು ಬೇಡ” ಎಂದರು. ಕಾರಿನಲ್ಲಿ ಕೂತು ತೆರೆದೆ. 1998ರಿಂದೀಚಿನ ಸಾಲುಗಳ ಮೇಲೆ ಅಜ್ಜ ಗೀಟು ಎಳೆದಿರಲಿಲ್ಲ. ಕೊನೆಯ ಸಾಲು ಎಡಗಡೆಯ ಪುಟದ ನಡುಮಧ್ಯ: ಅಕ್ಟೋಬರ್ 29, ಇಲಿನಾಯ್, 10–7, ಹಿಮ. ಅಂಚಿನಲ್ಲಿ 409. ಆಮೇಲೂ ವರ್ಷಗಟ್ಟಲೆ ಆಟಕ್ಕೆ ಹೋದವರು ಮುಂದೆ ಒಂದು ಸಾಲೂ ಬರೆದಿಲ್ಲ.

ಬಲಗಡೆಯ ಪುಟದಲ್ಲಿ ಬೇರೆ ಕೈಬರಹ ಇತ್ತು. ಪೆನ್ನಿನಲ್ಲಿ, ಕಪ್ಪುಹಲಗೆಯ ಮೇಲೆ ಮಕ್ಕಳಿಗೆ ತಿದ್ದಿಸುವಂಥ ದುಂಡು ಅಂಕಿಗಳು, ಒಂದರ ಕೆಳಗೊಂದು, 1ರಿಂದ 10ರವರೆಗೆ. ಸ್ಯಾಂಡಸ್ಕಿಯ ಮೊಕದ್ದಮೆಯಲ್ಲಿ ಇದ್ದದ್ದು ಹತ್ತು ಹುಡುಗರ ವಿಷಯ. ಹೆಸರು ಹೇಳಬಾರದೆಂದು ದಾಖಲೆಯಲ್ಲಿ ಅವರನ್ನು ನಂಬರಿನಿಂದಲೇ ಕರೆದಿದ್ದರು. ಪ್ರತಿ ಅಂಕಿಯ ಮುಂದೆ ಅಜ್ಜಿ ಒಂದು ಹೆಸರು ಹಿಡಿಸುವಷ್ಟು ಜಾಗ ಬಿಟ್ಟಿದ್ದರು.